ನನ್ನ ತೂಕದ ಬೆಲ್ಲ

ನಮ್ಮ ಮನೆಯಲ್ಲಿ ನಾನು ಕೈ ಹಾಕದೆ ತಾನಾಗಿ ಆಗುವ ಕೆಲಸ ಒಂದೇ ಒಂದು. ಅದು ನನ್ನ ತೂಕ ಏರುವುದು. ಹಾಲು ಉಕ್ಕದಂತೆ ನಾನೇ ಕಾಯಬೇಕು, ಗ್ಯಾಸ್ ನಾನೇ ಬುಕ್ ಮಾಡಬೇಕು, ನಮ್ಮ ಯಜಮಾನರ ಕನ್ನಡಕ ಅವರ ಹಣೆಯ ಮೇಲೇ ಇದೆ ಎಂದು ದಿನಕ್ಕೆರಡು ಸಲ ನಾನೇ ಪತ್ತೆ ಹಚ್ಚಿ ಕೊಡಬೇಕು. ತೂಕ ಮಾತ್ರ ಯಾರ ಹಂಗೂ ಇಲ್ಲದೆ, ಯಾರೂ ಹೇಳದೆ, ಹಬ್ಬ ಹುಣ್ಣಿಮೆ ರಜೆ ಎನ್ನದೆ ತನ್ನ ಪಾಡಿಗೆ ತಾನು ಏರುತ್ತ ಬಂತು.

ನನಗೀಗ ಐವತ್ತೊಂದು. ಮುಟ್ಟು ನಿಂತು ಒಂದೂವರೆ ವರ್ಷವಾಯಿತು. (ಇದನ್ನು ಓದಿ ಮುಖ ಆಚೆ ತಿರುಗಿಸುವ ಗಂಡಸರು ದಯವಿಟ್ಟು ಈ ಕಡೆ ತಿರುಗಿ. ನಿಮ್ಮ ಮನೆಯಲ್ಲೂ ಇದು ಆಗುತ್ತದೆ, ಇಲ್ಲವೇ ಆಗಿದೆ, ನಿಮಗೆ ಗೊತ್ತಿಲ್ಲ ಅಷ್ಟೆ.) ಅದು ನಿಲ್ಲುವ ಮೊದಲು ಸುಮ್ಮನೆ ನಿಲ್ಲಲಿಲ್ಲ. ಮನೆ ಖಾಲಿ ಮಾಡುವ ಬಾಡಿಗೆದಾರ ಗೋಡೆಯ ಮೊಳೆಯನ್ನೂ ಕಿತ್ತುಕೊಂಡು ಹೋಗುವ ಹಾಗೆ ಮೈಯಲ್ಲಿದ್ದ ರಕ್ತವನ್ನೆಲ್ಲ ಬಳಿದುಕೊಂಡು ಹೋಯಿತು. ತುಮಕೂರಿನ ಆಸ್ಪತ್ರೆಯಲ್ಲಿ ಐದು ದಿನ ಮಲಗಿದ್ದೆ, ಮೂರು ಬಾಟಲಿ ರಕ್ತ ಕೊಟ್ಟರು. ಕುಣಿಗಲ್ ತಾಲೂಕಿನ ಕೊತ್ತಗೆರೆಯಿಂದ ನಮ್ಮತ್ತೆ ಸಿದ್ದಗಂಗಮ್ಮ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ಬಂದವರು, ನನ್ನನ್ನು ಮನೆಗೆ ಕಳಿಸುವವರೆಗೂ ವಾರ್ಡಿನ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ.

ಆಮೇಲೆ ಆರೋಗ್ಯ ಬಂತು. ಬಂದದ್ದು ಒಂಟಿಯಾಗಿ ಬರಲಿಲ್ಲ, ಹದಿನಾಲ್ಕು ಕೆಜಿ ಜೊತೆಗೆ ಕರೆದುಕೊಂಡು ಬಂತು. ಮಾಗಿಯ ಚಳಿಯಲ್ಲಿ ನನಗೆ ಒಳಗಿನಿಂದ ಬೆಂಕಿ ಹೊತ್ತಿಕೊಂಡು ಫ್ಯಾನು ಐದರಲ್ಲಿ ತಿರುಗಬೇಕು, ಪಕ್ಕದಲ್ಲಿ ಯಜಮಾನರು ಮಂಕಿ ಟೋಪಿ ಹಾಕಿಕೊಂಡು ಎರಡು ರಗ್ಗಿನೊಳಗೆ ಪಂಚಾಕ್ಷರಿ ಜಪಿಸಬೇಕು. ಶಿರಾ ಗೇಟಿನ ಟೈಲರ್ ಮೋಹನ್‌ಕುಮಾರ್ ನನ್ನ ಬ್ಲೌಸಿನ ಹೊಲಿಗೆಯನ್ನು ನಾಲ್ಕನೇ ಸಲ ಬಿಚ್ಚಿ ನೋಡಿ, ಡಾಕ್ಟರು ಕೈಚೆಲ್ಲುವ ಧಾಟಿಯಲ್ಲಿ ಹೇಳಿದ: "ಅಕ್ಕಾ, ಒಳಗಡೆ ಇದ್ದ ಬಟ್ಟೆ ಎಲ್ಲಾ ಮುಗೀತು. ಇನ್ನು ಬಿಡೋಕೇನೂ ಇಲ್ಲ."

ಹಾಗಿದ್ದರೂ ನನ್ನ ಅಧಿಕೃತ ತೂಕ ಅರವತ್ತೈದು. ಹನ್ನೆರಡು ವರ್ಷಗಳಿಂದ ಅಷ್ಟೇ. ನಮ್ಮ ವಾರಗಿತ್ತಿ ಅಂಬಿಕಾ, ಎಂದರೆ ಕೊತ್ತಗೆರೆಯಲ್ಲಿ ಅತ್ತೆಯ ಜೊತೆ ಇರುವ ಮೈದುನನ ಹೆಂಡತಿ, ನುಗ್ಗೆಕಾಯಿಗೆ ಸೀರೆ ಉಡಿಸಿದಂತಿದ್ದಾಳೆ. ಅವಳು ಹೋದ ಯುಗಾದಿಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ "ಅಕ್ಕಾ, ಈಗ ಎಷ್ಟಿದೀರಾ?" ಎಂದಳು. ನಾನು ಎವೆ ಅಲುಗಿಸದೆ "ಅರವತ್ತೈದು" ಎಂದೆ. "ಓ, ನೋಡೋಕೆ ಹಂಗೆ ಕಾಣಲ್ಲ" ಎಂದಳು. ಆ ಮಾತನ್ನು ನಾನು ಇನ್ನೂ ಮರೆತಿಲ್ಲ.

ಜೂನ್ ತಿಂಗಳ ಒಂದು ಬೆಳಿಗ್ಗೆ ಅತ್ತೆಯ ಫೋನು ಬಂತು.

"ಮಂಗ್ಳವ್ವ, ಹರಕೆ ತೀರಿಸ್ಬುಡಣ ಕಣವ್ವ. ದೇವ್ರು ಎಷ್ಟ್ ದಿನ ಅಂತ ಕಾಯ್ತನೆ? ಕಾರ್ತೀಕದ ಕಡೇ ಸೋಮ್ವಾರ ಅಂತ ಗೊತ್ ಮಾಡಿವ್ನಿ."

"ಯಾವ ಹರಕೆ ಅತ್ತೆ?"

"ನೀನು ಆಸ್ಪತ್ರೇಲಿ ಮಲ್ಗಿದ್ದಾಗ ಹೊತ್ಕಂಡಿದ್ದು. ನನ್ ಸೊಸೆ ಎದ್ದು ಮನೆಗ್ ಬಂದ್ರೆ ಅವಳ ತೂಕದ ಬೆಲ್ಲ ಕೊಡ್ತೀನಿ ವೀರಭದ್ರಪ್ಪ ಅಂದಿದ್ದೆ. ತುಲಾಭಾರ."

ನನ್ನ ಕೈಯಿಂದ ಸೌಟು ಜಾರಿತು. ತಕ್ಕಡಿಯ ಒಂದು ತಟ್ಟೆಯಲ್ಲಿ ನಾನು, ಇನ್ನೊಂದರಲ್ಲಿ ಬೆಲ್ಲ, ಸುತ್ತ ಇಡೀ ಕೊತ್ತಗೆರೆ, ಎದುರಿಗೆ ಅಂಬಿಕಾ!

"ಒಂದು ತೆಂಗಿನಕಾಯಿ ಸಾಕಿರಲಿಲ್ವಾ ಅತ್ತೆ?"

"ಮೂರ್ ಬಾಟ್ಲಿ ರಕ್ತ ಹಾಕಿದ್ರಲ್ಲವ್ವ. ಕಾಯ್ಗೆಲ್ಲ ಒಪ್ತನಾ ವೀರಭದ್ರ?"

ಹರಕೆ ತಪ್ಪಿಸುವ ಹಾಗಿಲ್ಲ. ತಪ್ಪಿಸಬಹುದಾದದ್ದು ತೂಕವೊಂದೇ. ಕಾರ್ತೀಕಕ್ಕೆ ಇನ್ನೂ ಐದು ತಿಂಗಳಿತ್ತು. ನಾನು ದೇವರ ಮುಂದೆ ನಿಂತು ಪ್ರತಿಜ್ಞೆ ಮಾಡಿದೆ: ಆ ತಕ್ಕಡಿಯಲ್ಲಿ ಈ ಸರ್ವಮಂಗಳಾ ಅರವತ್ತೈದಾಗಿಯೇ ಕೂರುತ್ತಾಳೆ!

ಮೊದಲು, ಆಸ್ಪತ್ರೆಯಲ್ಲಿ ನನ್ನನ್ನು ಉಳಿಸಿದ ಡಾಕ್ಟರಮ್ಮನ ಹತ್ತಿರ ಹೋದೆ. ಯಜಮಾನರೂ ಬಂದರು. ನಮ್ಮ ಯಜಮಾನರು ಸೋಮಶೇಖರ್ ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಅಂಕಿ ಕಂಡರೆ ಗಟ್ಟಿಯಾಗಿ ಓದದೆ ಇರಲಾರರು.

"ಎಪ್ಪತ್ತೆಂಟು ಪಾಯಿಂಟ್ ನಾಲ್ಕು" ಎಂದು ಮೆಷಿನ್ನನ್ನು ನೋಡಿ, ಹಿಂದಿನ ಬೆಂಚಿಗೂ ಕೇಳಿಸುವ ಹಾಗೆ ಹೇಳಿದರು. ಹೊರಗಡೆ ಕೂತಿದ್ದ ರೋಗಿಗಳೆಲ್ಲ ಒಳಗೆ ಇಣುಕಿದರು.

ಡಾಕ್ಟರಮ್ಮ ನಗಲಿಲ್ಲ. "ಈ ವಯಸ್ಸಲ್ಲಿ ಹಾರ್ಮೋನ್ ಇಳಿದಾಗ ಕೊಬ್ಬು ಹೊಟ್ಟೆ ಹತ್ರ ಬಂದು ಸೇರ್ಕೊಳ್ಳುತ್ತೆ, ಸ್ನಾಯು ಕಮ್ಮಿ ಆಗುತ್ತೆ. ನಿಮ್ ತಪ್ಪಲ್ಲ. ಆದ್ರೆ ಬಿಟ್ರೆ ಬಿಪಿ, ಶುಗರ್, ಮಂಡಿ ನೋವು ಎಲ್ಲಾ ಕರ್ಕೊಂಡ್ ಬರುತ್ತೆ. ಉಪವಾಸ ಮಾತ್ರ ಮಾಡ್ಬೇಡಿ, ಸ್ನಾಯು ಇನ್ನೂ ಕರಗುತ್ತೆ. ಕಾಳು, ಮೊಸರು, ಸೊಪ್ಪು ತಿನ್ನಿ. ಸಿಹಿ ಬಿಡಿ. ಚೆನ್ನಾಗಿ ನಿದ್ದೆ ಮಾಡಿ. ದಿನಾ ನಡೀರಿ, ಭಾರ ಎತ್ತಿ" ಎಂದರು.

"ಮೂವತ್ತು ವರ್ಷದಿಂದ ಇವರ ಸಂಸಾರ ಎತ್ತಿದೀನಲ್ಲ ಡಾಕ್ಟ್ರೇ?"

"ಅದು ಲೆಕ್ಕಕ್ಕಿಲ್ಲ. ಎರಡು ಕೈಲೂ ಸಮ ಭಾರ ಇರ್ಬೇಕು."

ಅಂದಿನಿಂದ ಮರಳೂರಿನ ನಮ್ಮ ಮನೆಯಲ್ಲಿ ನವಯುಗ ಶುರುವಾಯಿತು. ಐದು ಲೀಟರಿನ ಎರಡು ಎಣ್ಣೆ ಕ್ಯಾನುಗಳನ್ನು ತೊಳೆದು ನೀರು ತುಂಬಿದೆ. ಮೊದಲು ಅರ್ಧ, ತಿಂಗಳ ಮೇಲೆ ಮುಕ್ಕಾಲು, ಆಮೇಲೆ ಪೂರ್ತಿ. ತಾರಸಿಯ ಮೇಲೆ ಅವನ್ನು ಎತ್ತಿ ಇಳಿಸಿ ಎತ್ತಿ ಇಳಿಸಿ ಮಾಡುವಾಗ ಎದುರುಮನೆಯವರು "ನೀರು ಬರ್ತಿಲ್ವಾ ಆಂಟಿ? ನಮ್ಮನೆ ಪೈಪ್ ಹಾಕ್ಕೊಳಿ" ಎಂದು ಮೂರು ದಿನ ಮರುಗಿದರು. ಬೆಳಿಗ್ಗೆ ಕೆರೆ ಏರಿಯ ಮೇಲೆ ನಾಲ್ಕು ಸುತ್ತು. ಎರಡು ಮುದ್ದೆ ಒಂದಾಯಿತು, ಒಂದು ಅರ್ಧವಾಯಿತು, ಬಟ್ಟಲು ತುಂಬ ಹುರುಳಿಕಾಳು ಬಂತು. ಕಾಫಿಯಿಂದ ಸಕ್ಕರೆ ಗಡೀಪಾರಾಯಿತು.

"ನಂಗ್ಯಾಕೆ ಸಕ್ಕರೆ ಇಲ್ಲ?" ಎಂದು ಯಜಮಾನರು ಮೊದಲ ದಿನವೇ ಸತ್ಯಾಗ್ರಹ ಹೂಡಿದರು.

"ಸಹಧರ್ಮಿಣಿ ಅಂದ್ರೆ ಏನು ಅಂತ ಗೊತ್ತೇನ್ರೀ?"

"ಗೊತ್ತು ಕಣೇ. ಆದ್ರೆ ಸಹಧರ್ಮ ಗಂಡನಿಗೆ ಅನ್ವಯಿಸಲ್ಲ. ಪದ ನೋಡು, ಸ್ತ್ರೀಲಿಂಗ."

"ಹಾಗಾದ್ರೆ ಕಾಫಿ ಸ್ಕೂಲಲ್ಲಿ ಕುಡೀರಿ."

ಅಲ್ಲಿಗೆ ಸತ್ಯಾಗ್ರಹ ಮುಗಿಯಿತು. (ಅವರು ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಎರಡೆರಡು ಚಮಚ ಹಾಕಿಸಿಕೊಂಡು ಕುಡಿಯುತ್ತಾರೆಂಬ ಗುಪ್ತ ವರದಿ ನನಗೆ ಬಂದಿದೆ. ಸಮಯ ಬಂದಾಗ ಬಳಸುತ್ತೇನೆ.)

ಎರಡು ತಿಂಗಳಲ್ಲಿ ಮೂರು ಕೆಜಿ ಇಳಿಯಿತು. ಆಗ ಬಂತು ನೋಡಿ, ಗುಬ್ಬಿಯಲ್ಲಿ ಯಜಮಾನರ ಸಹೋದ್ಯೋಗಿ ಶಿವಮೂರ್ತಿಯವರ ಗೃಹಪ್ರವೇಶ. ಎಲೆಯ ಮೇಲೆ ತುಪ್ಪದಲ್ಲಿ ಮಿಂದ ಬಿಸಿ ಬಿಸಿ ಬೇಳೆ ಹೋಳಿಗೆ. ನಾನು ವೀರ ವನಿತೆಯಂತೆ ಎಲೆಗೆ ಅಡ್ಡಲಾಗಿ ಎರಡೂ ಕೈ ಹಿಡಿದು "ಬೇಡ" ಎಂದೆ. ಅಷ್ಟೇ ಸಾಕಾಯಿತು.

"ಅಯ್ಯೋ, ಶುಗರ್ ಬಂತಾ?" ಎಂದರು ಬಡಿಸುವವರು.

"ಮೇಡಮ್ಮೋರಿಗೆ ಶುಗರ್ ಅಂತೆ" ಎಂದು ಆ ಸಾಲಿನ ಕೊನೆಯವರೆಗೂ ಸುದ್ದಿ ಹೋಯಿತು. ಎದುರು ಸಾಲಿನಿಂದ ಯಾರೋ "ಪಾಪ, ಇನ್ನೂ ವಯಸ್ಸೇನಿಲ್ಲ" ಎಂದರು. ಪಕ್ಕದ ಹೆಂಗಸು ಹಾಗಲಕಾಯಿ ರಸದ ವಿಧಾನ ಹೇಳತೊಡಗಿದರು. ನನಗೆ ಎಲ್ಲಿಲ್ಲದ ರೋಷ ಬಂತು. ನನಗೆ ಶುಗರ್ ಇಲ್ಲವೆಂದು ಬಹಿರಂಗವಾಗಿ ಸಾಬೀತು ಮಾಡಲು ಒಂದರ ಹಿಂದೊಂದರಂತೆ ಮೂರು ಹೋಳಿಗೆ ತಿಂದೆ. ಮಾರನೆಯ ದಿನ ಮೆಷಿನ್ ಎಂಟುನೂರು ಗ್ರಾಂ ಮೇಲಕ್ಕೆ ತೋರಿಸಿತು. ಅಂದು ಕೆರೆ ಏರಿಯ ಮೇಲೆ ಆರು ಸುತ್ತು ನಡೆದೆ, ನನ್ನನ್ನು ನಾನೇ ಬೈದುಕೊಳ್ಳುತ್ತ.

ಬಿಡಲಿಲ್ಲ. ಶ್ರಾವಣ ಬಂದು ಹೋಯಿತು, ಗೌರಿ ಗಣೇಶ ಬಂದು ಕಡುಬು ತೋರಿಸಿ ಹೋದರು, ದೀಪಾವಳಿಯಲ್ಲಿ ಕಜ್ಜಾಯ ಕರಿಯುವಾಗ ಮೂಗಿಗೆ ಸೆರಗು ಕಟ್ಟಿಕೊಂಡೆ. ಒಮ್ಮೊಮ್ಮೆ ಹದಿನೈದು ದಿನವಾದರೂ ಮೆಷಿನ್ನಿನ ಅಂಕಿ ಕದಲುತ್ತಿರಲಿಲ್ಲ, ಕಣ್ಣಲ್ಲಿ ನೀರು ಬರುತ್ತಿತ್ತು, ಮೈಯೆಲ್ಲ ಧಗ್ಗೆಂದು ಕಾದು ಬೆವರು ಇಳಿಯುತ್ತಿತ್ತು. ಆಗೆಲ್ಲ ಕ್ಯಾನು ಎತ್ತುತ್ತಿದ್ದೆ. ಕಾರ್ತೀಕದ ಕೊನೆಯ ವಾರ ತೂಕ ನೋಡಿದೆ. ಎಪ್ಪತ್ತೊಂದು ಪಾಯಿಂಟ್ ಎರಡು. ಅರವತ್ತೈದು ಆಗಿರಲಿಲ್ಲ, ನಿಜ. ಆದರೆ ಏಳು ಕೆಜಿ! ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ, ಮಂಡಿ ನೋವಿಲ್ಲ, ಬಿಪಿ ಮಾತ್ರೆ ಬೇಡ ಎಂದರು ಡಾಕ್ಟರಮ್ಮ. ಶಿರಾ ಗೇಟಿಗೆ ಹೋಗಿ ಮೋಹನ್‌ಕುಮಾರನ ಮುಂದೆ ಬ್ಲೌಸುಗಳ ಕಟ್ಟು ಇಟ್ಟು "ಎಲ್ಲಾನೂ ಒಳಗಡೆ ಹಿಡಿ" ಎಂದಾಗ ನನಗೆ ಆದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಕೊತ್ತಗೆರೆಯವರಿಗೆ ಮಾತ್ರ ಒಂದು ಮಾತೂ ತಿಳಿಸಲಿಲ್ಲ. ಐದು ತಿಂಗಳು ಊರಿಗೇ ಹೋಗಲಿಲ್ಲ. ಅಂಬಿಕಾಳ ಮುಖವನ್ನು ನಾನು ಆ ದಿನವೇ ನೋಡಬೇಕಿತ್ತು.

ಆ ಸೋಮವಾರ ಬೆಳಿಗ್ಗೆ ಬೇಕೆಂದೇ ಹಗುರವಾದ ಸೀರೆ ಉಟ್ಟೆ. ಬಳೆ ಎರಡೆರಡೇ. ವೀರಭದ್ರನ ಗುಡಿಯ ಮುಂದಿನ ಅಂಕಣದಲ್ಲಿ ತೊಲೆಗೆ ದೊಡ್ಡ ತಕ್ಕಡಿ ತೂಗುಹಾಕಿದ್ದರು. ಎರಡೂ ತಟ್ಟೆಗಳ ಕೆಳಗೆ ಮರದ ಮಣೆ ಕೊಟ್ಟು ನಿಲ್ಲಿಸಿದ್ದರು. ಒಂದು ತಟ್ಟೆಯಲ್ಲಿ ಆಗಲೇ ಬೆಲ್ಲದ ಅಚ್ಚುಗಳು ಗೋಪುರದ ಹಾಗೆ ಎದ್ದು ನಿಂತಿದ್ದವು.

"ತೂಗೋಕ್ ಮುಂಚೆನೇ ಜೋಡ್ಸಿದ್ದಾರಲ್ಲ ಅತ್ತೆ?" ಎಂದೆ.

"ಕೆಜಿಗೊಂದ್ ಅಚ್ಚಿನಂಗೆ ಶ್ರಾವಣದಾಗೇ ಆಲೆಮನೇಲಿ ಹುಯ್ಸಿ ದೇವ್ರ ಮನೇಲಿಟ್ಟಿದ್ದೆ ಕಣವ್ವ, ನಿನ್ ಹೆಸ್ರಲ್ಲಿ. ಸೋಮನೇ ತೂಕ ಹೇಳಿದ್ನಲ್ಲ" ಎಂದರು ಅತ್ತೆ. ಆಮೇಲೆ ನನ್ನನ್ನು ಒಮ್ಮೆ ದಿಟ್ಟಿಸಿದರು. ಕಣ್ಣಿನ ಪೊರೆಯಿಂದ ಅವರಿಗೆ ಎಲ್ಲವೂ ಮಸುಕು. "ಪ್ರಯಾಣದ ಸುಸ್ತಾ?" ಎಂದು ಕೆನ್ನೆ ಸವರಿದರು.

ನಾನು ಯಜಮಾನರ ಕಡೆ ತಿರುಗಿದೆ. ಅವರು ಗುಡಿಯ ಕಂಬದ ಕೆತ್ತನೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಎಷ್ಟ್ ಹೇಳಿದ್ರೀ?"

"ಎಪ್ಪತ್ತೆಂಟು. ಪಾಯಿಂಟ್ ನಾಲ್ಕು ಬಿಟ್ಬಿಟ್ಟೆ. ನಿನ್ ಮರ್ಯಾದೆ ಪ್ರಶ್ನೆ ಅಲ್ವಾ" ಎಂದು ಪಿಸುಗುಟ್ಟಿದರು.

ಬೈಯಲು ಸಮಯವಿರಲಿಲ್ಲ. ಅರ್ಚಕರಾದ ಏಕಾಂತಯ್ಯನವರು ನನ್ನನ್ನು ತಟ್ಟೆಯಲ್ಲಿ ಕೂರಿಸಿ, ಮಂಗಳಾರತಿ ಎತ್ತಿ, "ಮಣೆ ತೆಗೀರಿ" ಎಂದರು. ತೆಗೆದರು. ಬೆಲ್ಲ ಧಡಾರನೆ ನೆಲಕ್ಕೆ ಕೂತಿತು. ನಾನು ಸುಯ್ಯನೆ ಮೇಲಕ್ಕೆ ಹೋದೆ. ಎಷ್ಟು ಮೇಲೆಂದರೆ, ತೊಲೆಯ ಪಕ್ಕದ ಗಂಟೆಗೆ ನನ್ನ ತಲೆ ತಾಗಿ ಢಣ್ಣೆಂದಿತು. ಜನ "ಹರ ಹರ ಮಹಾದೇವ" ಎಂದರು. ಕೆಳಗೆ ಅಂಬಿಕಾ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ತಲೆ ಬುರುಡೆ ಸಿಡಿಯುತ್ತಿದ್ದರೂ ನನಗೆ ಸ್ವರ್ಗ ಕೈಗೆಟುಕಿದಂತಾಯಿತು.

"ಒಂದು ಅಚ್ಚು ತೆಗೀರಿ" ಎಂದರು ಏಕಾಂತಯ್ಯ. ತೆಗೆದರು. ನಾನು ಇಳಿಯಲಿಲ್ಲ. "ಇನ್ನೊಂದು." ಇಳಿಯಲಿಲ್ಲ. ಜನ ಎಣಿಸತೊಡಗಿದರು. ಮೂರು! ನಾಲ್ಕು! ಒಂದೊಂದು ಅಚ್ಚು ಕೆಳಗಿಟ್ಟಾಗಲೂ ನನಗೆ ಒಂದೊಂದು ಪದಕ ತೊಡಿಸಿದಂತಾಗುತ್ತಿತ್ತು. ಏಳಕ್ಕೆ ತಕ್ಕಡಿ ಸಮನಾಗಿ ನಿಂತಿತು. ಚಪ್ಪಾಳೆ ಬಿತ್ತು. ಆಗ ಅತ್ತೆಯ ಕೂಗು ಕೇಳಿಸಿತು.

"ಸೋಮ ಎಪ್ಪತ್ತೆಂಟು ಅಂದಿದ್ನಲ್ಲೋ! ಏಳ್ ಕೆಜಿ ಎಲ್ಲೋಯ್ತೋ! ಅಯ್ಯೋ ಮಂಗ್ಳವ್ವ, ಮತ್ತೆ ರಕ್ತ ಹೋಗ್ತೈತಾ? ನನ್ತಾವ ಯಾಕವ್ವ ಹೇಳ್ನಿಲ್ಲ?"

ಚಪ್ಪಾಳೆ ನಿಂತಿತು. "ಎಪ್ಪತ್ತೆಂಟಾ? ಅಕ್ಕಾ, ಯುಗಾದೀಲಿ ಅರವತ್ತೈದು ಅಂದಿದ್ರಿ?" ಎಂಬ ಅಂಬಿಕಾಳ ದನಿ ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಹನ್ನೆರಡು ವರ್ಷ ಕಾಪಾಡಿಕೊಂಡು ಬಂದ ಗುಟ್ಟು ಒಂದೇ ನಿಮಿಷದಲ್ಲಿ ಹೋಯಿತು. ತೂಕ ಇಳಿಸದೆ ತೆಪ್ಪಗೆ ಕೂತಿದ್ದರೆ ತಕ್ಕಡಿ ಸಮನಾಗುತ್ತಿತ್ತು, ಅಚ್ಚು ಎಣಿಸುವ ಗೋಜಿಗೆ ಒಬ್ಬರೂ ಹೋಗುತ್ತಿರಲಿಲ್ಲ.

ಆದರೆ ಅತ್ತೆ ಅಳುತ್ತಿದ್ದರು. ನನ್ನ ತೋಳು, ಬೆನ್ನು, ಹೊಟ್ಟೆ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನಾನು ನಾಚಿಕೆಪಟ್ಟುಕೊಂಡ ಒಂದೊಂದು ಕೆಜಿಯನ್ನೂ ಈ ಮುದುಕಿ ನನ್ನ ಜೀವ ಎಂದುಕೊಂಡಿದ್ದರು. ತಟ್ಟೆಯಿಂದ ಇಳಿದು ಅವರನ್ನು ತಬ್ಬಿಕೊಂಡೆ.

"ಕಾಯಿಲೆ ಅಲ್ಲ ಅತ್ತೆ. ನಾನೇ ಇಳಿಸ್ದೆ, ಬೇಕಂತ. ಡಾಕ್ಟ್ರಮ್ಮನೇ ಹೇಳಿದ್ದು."

"ಯಾವ್ ಡಾಕ್ಟ್ರು? ರಕ್ತ ಹಾಕಿದ್ರಲ್ಲ, ಆವಮ್ಮನಾ?"

"ಹೂಂ, ಅವರೇ."

ಆವಮ್ಮನನ್ನು ಬೈಯುವ ಹಾಗಿರಲಿಲ್ಲ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ನೆಲದ ಮೇಲಿದ್ದ ಏಳು ಅಚ್ಚು ಬೆಲ್ಲ ನೋಡಿದರು.

"ಇದನ್ನೂ ಉಳಿದ ಬೆಲ್ಲದ ಜೊತೆ ಮಠದ ದಾಸೋಹಕ್ಕೇ ಕಳಿಸ್ಬುಡಣ ಅತ್ತೆ" ಎಂದಳು ಅಂಬಿಕಾ. ಜೀವಮಾನದಲ್ಲಿ ಮೊದಲ ಸಲ ಅವಳ ಮೇಲೆ ನನಗೆ ಪ್ರೀತಿ ಬಂತು.

"ಆಗಾಕಿಲ್ಲ" ಎಂದರು ಅತ್ತೆ. "ನಾನ್ ಹೊತ್ಕಂಡಿದ್ದು ಅವಳ ತೂಕ. ಜಾಸ್ತಿ ಕೊಟ್ರೆ ದೇವ್ರಿಗೆ ಸುಳ್ಳು ತೂಕ ಹೇಳ್ದಂಗೆ."

ಏಕಾಂತಯ್ಯನವರು ಗಡ್ಡ ನೀವಿಕೊಂಡು ತೀರ್ಪು ಕೊಟ್ಟರು. "ಈಯಮ್ಮನ ಹೆಸರಲ್ಲಿ ದೇವರಿಗೆ ಅಂತ ಎತ್ತಿಟ್ಟಿದ್ದು, ದೇವರ ಮುಂದೆ ಬಂದಿದ್ದು. ಇನ್ನು ಇದು ಪ್ರಸಾದ. ಯಾರ ಹೆಸರಿನ ಹರಕೆಯೋ ಅವರೇ ಸ್ವೀಕಾರ ಮಾಡ್ಬೇಕು. ಚೆಲ್ಲೋ ಹಾಗಿಲ್ಲ, ಮಾರೋ ಹಾಗಿಲ್ಲ, ಇನ್ನೊಬ್ರಿಗೆ ಕೊಡೋ ಹಾಗಿಲ್ಲ."

"ಏಳು ಕೆಜಿನೂ ನಾನೊಬ್ಬಳೇನಾ ಅಯ್ಯನೋರೇ?"

"ಪ್ರಸಾದ ತಾಯಿ" ಎಂದು ಅವರು ಕಣ್ಣು ಮುಚ್ಚಿಕೊಂಡರು. ನಮ್ಮಲ್ಲಿ ಪ್ರಸಾದವನ್ನು ಚೆಲ್ಲುವುದಿರಲಿ, ಎಲೆಯಲ್ಲಿ ಒಂದಗುಳು ಬಿಡುವವರೂ ಇಲ್ಲ. ನಾನು ಏಳು ಅಚ್ಚನ್ನೂ ಗಂಟು ಕಟ್ಟಿಕೊಂಡೆ.

"ಕಳೆದಿದ್ದು ಏಳು, ಕೂಡಿದ್ದು ಏಳು" ಎಂದರು ಯಜಮಾನರು. ನಾನು ನೋಡಿದ ನೋಟಕ್ಕೆ ಮತ್ತೆ ಕಂಬದ ಕೆತ್ತನೆಯ ಕಡೆ ತಿರುಗಿದರು.

ಹೊರಡುವ ಮೊದಲು ಅತ್ತೆ ಗರ್ಭಗುಡಿಯ ಮುಂದೆ ನಿಂತು ದೇವರಿಗೆ ಗುಟ್ಟಾಗಿ ಏನೋ ಹೇಳಿಕೊಂಡರು. ಅವರಿಗೆ ಕಿವಿ ಮಂದ. ಅವರು ಗುಟ್ಟಾಗಿ ಹೇಳಿದ್ದು ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದ ನನಗೆ ಅಕ್ಷರಶಃ ಕೇಳಿಸಿತು.

"ವೀರಭದ್ರಪ್ಪ, ಆ ಡಾಕ್ಟ್ರಮ್ಮ ಒಳ್ಳೇವ್ಳೇಯ, ಅವಳನ್ನ ಏನೂ ಮಾಡ್ಬೇಡ. ಆದ್ರೆ ನನ್ ಸೊಸೆ ಮೊದ್ಲಿನಂಗೆ ಮೈ ಕೈ ತುಂಬ್ಕೊಂಡ್ರೆ ಮುಂದ್ಲ ಕಾರ್ತೀಕಕ್ಕೆ ಬೆಣ್ಣೇಲಿ ತೂಗಿಸ್ತೀನಿ ಕಣಪ್ಪ."

ಅತ್ತೆ ಬೆಲ್ಲದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಜೊತೆಯಲ್ಲೇ ಮರಳೂರಿಗೆ ಬಂದರು. ಪ್ರಸಾದ ಮುಗಿಯುವವರೆಗೂ ಹೋಗುವುದಿಲ್ಲವಂತೆ. ಬೆಳಿಗ್ಗೆ ಕೆರೆ ಏರಿಗೂ ನನ್ನ ಜೊತೆ ಬರುತ್ತಾರೆ. ನಾನು ಸುತ್ತು ಹೊಡೆಯುತ್ತೇನೆ, ಅವರು ಕಲ್ಲುಬೆಂಚಿನ ಮೇಲೆ ಡಬ್ಬಿ ಹಿಡಿದು ಕೂತಿರುತ್ತಾರೆ. ಪ್ರತಿ ಸುತ್ತಿಗೂ ಬೆರಳು ತುದಿಯಷ್ಟು ಆ ಬೆಲ್ಲದ ತಂಬಿಟ್ಟು. ಅದಕ್ಕಿಂತ ಜಾಸ್ತಿ ಬೇಡವೆಂದು ನಾನು, ಬೆರಳು ಯಾರದು ಎಂದು ಅವರು. ದಿನಕ್ಕೆ ಇಷ್ಟೇ ಎಂದು ಕೊನೆಗೆ ಡಾಕ್ಟರಮ್ಮನ ಹತ್ತಿರವೇ ಫೋನಿನಲ್ಲಿ ಹೇಳಿಸಿದೆ. ಅತ್ತೆ "ಆಗ್ಲಿ ಕಣಮ್ಮ, ಆಗ್ಲಿ" ಎಂದು ತಲೆದೂಗಿದರು. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಇವತ್ತು ಬೆಳಿಗ್ಗೆ ಮೆಷಿನ್ ಹತ್ತಿದೆ. ಎಪ್ಪತ್ತೊಂದು ಪಾಯಿಂಟ್ ಆರು. ದೇವರು ಅತ್ತೆಯ ಕಡೆ ಸ್ವಲ್ಪ ವಾಲಿದ್ದಾನೆ ಎಂದಾಯಿತು. ಇರಲಿ. ದೇವರಿಗೆ ಸಾವಿರ ಜನರ ಹರಕೆಯ ಚಿಂತೆ, ನನಗೆ ಇದೊಂದೇ. ಮುಂದಿನ ಕಾರ್ತೀಕಕ್ಕೆ ಅರವತ್ತೈದು ಎಂದು ಮತ್ತೊಮ್ಮೆ ಪ್ರತಿಜ್ಞೆ ಮಾಡಿ, ಸೆರಗು ಸಿಕ್ಕಿಸಿಕೊಂಡು ತಾರಸಿಗೆ ಹೋಗಿ ಎರಡೂ ಕ್ಯಾನು ಎತ್ತಿದೆ. ಬಲಗೈಯದು ಯಾಕೋ ಹೆಚ್ಚು ಭಾರ ಎನಿಸಿತು. ಮುಚ್ಚಳದ ಸುತ್ತ ಇರುವೆ ಸಾಲುಗಟ್ಟಿದ್ದವು. ತೆಗೆದು ನೋಡಿದೆ. ಏಲಕ್ಕಿಯ ಘಮ ಮೂಗಿಗೆ ಬಡಿಯಿತು. ಕತ್ತಿನವರೆಗೂ ಬೆಲ್ಲದ ಪಾನಕ.

"ಎತ್ತಿ ಎತ್ತಿ ಸುಸ್ತಾಯ್ತೀಯ ಕಣವ್ವ" ಎಂದು ಕೆಳಗಿನಿಂದ ಅತ್ತೆ ಕೂಗಿದರು. "ಮಧ್ಯೆ ಮಧ್ಯೆ ಒಂದೊಂದ್ ಲೋಟ ಕುಡ್ಕೋ. ಚೆಲ್ಬೇಡ, ದೇವ್ರ ಪ್ರಸಾದ!"